ಸ್ಟ್ಯಾಂಡಿಲ್ಲದ ಸೈಕಲ್ಲೂ ನಮ್ಮ ಮಾಮುವೂ

ಮೌಂಟನ್ ಬೈಕ್ ಸವಾರಿಗೆ ನಮ್ಮ ಮಾಮುವಿನಷ್ಟು ತಯಾರಾದ ಮನುಷ್ಯ ಹುಣಸೂರು ತಾಲ್ಲೂಕಿನಲ್ಲಂತೂ ಇರಲಿಲ್ಲ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೇರಿಸಿ ಹುಡುಕಿದರೂ ಸಿಗುವುದು ಅನುಮಾನವೇ. ತೊಡೆ ತಯಾರು, ಸೊಂಟ ತಯಾರು, ಹೆಗಲು ತಯಾರು, ಹಿಮ್ಮಡಿ ತಯಾರು. ಬೆರಳಿನ ಹಿಡಿತ ಎಂಥದೆಂದರೆ, ಅವರ ಕೈ ಕುಲುಕಿದವರು ಆಮೇಲೆ ಸ್ವಲ್ಪ ಹೊತ್ತು ಎಡಗೈಯಲ್ಲಿ ಟೀ ಕುಡಿಯುತ್ತಿದ್ದರು. ಉಳಿದದ್ದು ಒಂದೇ ಒಂದು ಸಣ್ಣ ಕೆಲಸ. ಸೈಕಲ್ಲಿನ ಮೇಲೆ ಕೂರುವುದು!

ಮಾಮು ಅಂದರೆ ನನ್ನ ಅಮ್ಮನ ತಮ್ಮ. ವಯಸ್ಸು ಅರವತ್ನಾಲ್ಕು ಎಂದು ಅವರು ಹೇಳುತ್ತಾರೆ, ಅರವತ್ತಾರು ಎಂದು ಅಮ್ಮ ಹೇಳುತ್ತಾಳೆ. ಮೂವತ್ತು ವರ್ಷ ಸೈಕಲ್ಲಿಗೆ ಪಾತ್ರೆ ಹೇರಿಕೊಂಡು ಹಳ್ಳಿ ಹಳ್ಳಿ ಸುತ್ತಿ ಮಾರಿದವರು. ಮುಂದೆ ಬಕೆಟ್ಟು, ಹಿಂದೆ ಪ್ಲಾಸ್ಟಿಕ್ ಕೊಡ, ಎರಡೂ ಪಕ್ಕದಲ್ಲಿ ಅಲ್ಯೂಮಿನಿಯಂ ದಬರಿ, ಇವೆಲ್ಲದರ ನೆತ್ತಿಯ ಮೇಲೆ ಜರಡಿ. ದೂರದಿಂದ ನೋಡಿದವರಿಗೆ ಪಾತ್ರೆ ಅಂಗಡಿಯೊಂದು ಬೇಸರವಾಗಿ ಊರು ಬಿಟ್ಟು ಹೊರಟಂತೆ ಕಾಣುತ್ತಿತ್ತು. ಮನೆಯಲ್ಲಿ ನಾವು ಆಡುವುದು ಉರ್ದು. ಮಾಮು ಮಾತ್ರ ವ್ಯಾಪಾರಕ್ಕೆ, ಕೋಪಕ್ಕೆ, ಗುಟ್ಟಿಗೆ ಮೂರಕ್ಕೂ ಹಳ್ಳಿಯ ಕನ್ನಡವನ್ನೇ ಬಳಸುತ್ತಾರೆ. ನನ್ನ ಹತ್ತಿರ ಅವರು ಮಾತಾಡುವುದು ಹೆಚ್ಚಾಗಿ ಕನ್ನಡವೇ. ನಾನು ಈ ಮೂರರಲ್ಲಿ ಯಾವುದರ ಲೆಕ್ಕಕ್ಕೆ ಸೇರುತ್ತೇನೋ ಬಹಳ ಕಾಲ ಗೊತ್ತಾಗಿರಲಿಲ್ಲ.

ಅವರ ಇನ್ನೊಂದು ಗುಣವನ್ನು ಈಗಲೇ ಹೇಳಿಬಿಡಬೇಕು. ಅವರು ಊದುತ್ತಾರೆ. ಜ್ವರ ಬಂದ ಮಗುವಿಗೆ ಹಿರಿಯರು ಬಾಯಲ್ಲೇ ಪ್ರಾರ್ಥನೆ ಓದಿಕೊಂಡು ಹಣೆಗೆ ಮೆಲ್ಲಗೆ ಊದುವುದು ನಮ್ಮ ಮನೆಗಳಲ್ಲಿ ಇದ್ದದ್ದೇ. ಆದರೆ ಮಾಮು ಅಷ್ಟಕ್ಕೆ ನಿಲ್ಲುವವರಲ್ಲ. ಮನೆಗೆ ಬೀಗ ಹಾಕಿದ ಮೇಲೆ ಬೀಗಕ್ಕೆ ಊದುತ್ತಾರೆ. ಹೊಸ ಗ್ಯಾಸ್ ಸಿಲಿಂಡರಿಗೆ ಊದುತ್ತಾರೆ. ನನ್ನ ಎಸ್ಸೆಸ್ಸೆಲ್ಸಿಯ ಪೆನ್ನಿಗೆ ಊದಿದ್ದರು. ಒಮ್ಮೆ ಬೀದಿಯ ಕರೆಂಟು ಪದೇ ಪದೇ ಹೋಗುತ್ತಿದೆಯೆಂದು ಟ್ರಾನ್ಸ್‌ಫಾರ್ಮರಿಗೆ, ಸುರಕ್ಷಿತ ದೂರದಲ್ಲಿ ನಿಂತು, ಊದಿ ಬಂದರು! ನಾನೋ ಮೈಸೂರಿನಲ್ಲಿ ಎಂ.ಎ.ವರೆಗೆ ತರ್ಕಶಾಸ್ತ್ರ ಓದಿ, ಎಲ್ಲವನ್ನೂ ಸಂಶಯಿಸುವುದನ್ನು ಕಲಿತು, ಯಾವ ಕೆಲಸದಲ್ಲೂ ಎರಡು ವರ್ಷ ನಿಲ್ಲದೆ ಊರಿಗೆ ಮರಳಿದವನು. ಸುಮ್ಮನಿರಲು ಆಗುತ್ತದೆಯೇ?

"ಮಾಮು, ಊದಿದರೆ ಆರೋದು ಟೀ ಒಂದೇ" ಅಂದೆ.

"ಟೀ ಆರ್ತದಲ್ವಾ?"

"ಆರುತ್ತೆ."

"ಅಂದ್ಮೇಲೆ ಊದೋದ್ರಲ್ಲಿ ಏನೋ ಅದೆ ಅಂತ ಆಯ್ತಲ್ಲ, ಬುಡು!"

ವಿಶ್ವವಿದ್ಯಾನಿಲಯದಲ್ಲಿ ಇಂಥ ವಾದಕ್ಕೆ ಒಂದು ಹೆಸರಿದೆ. ಆ ಹೆಸರು ಮಾತ್ರ ಆ ಹೊತ್ತಿಗೆ ಸರಿಯಾಗಿ ನೆನಪಾಗಲಿಲ್ಲ.

ನೆನಪಿನ ವಿಷಯ ಬಂತಲ್ಲ, ಇದನ್ನೂ ಒಪ್ಪಿಕೊಳ್ಳುತ್ತೇನೆ. ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ಚಿಕ್ಕಂದಿನಲ್ಲಿ ಹುಣಸೂರಿನ ಸಂತೆಯಲ್ಲಿ ಕಳೆದುಹೋಗಿ ಬಾಳೆಕಾಯಿ ಮಂಡಿಯಲ್ಲಿ ಸಿಕ್ಕಿದ ಕಥೆಯನ್ನು ಇಪ್ಪತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಕಳೆದುಹೋದದ್ದು ನಾನಲ್ಲ, ನನ್ನ ಅಕ್ಕ ಎಂದು ಅಮ್ಮ ಒಂದು ದಿನ ಅನ್ನ ಬಡಿಸುತ್ತಾ ಹೇಳಿಬಿಟ್ಟಳು. ನಾನಾಗ ಹುಟ್ಟಿಯೇ ಇರಲಿಲ್ಲವಂತೆ! ಅಂದಿನಿಂದ ನನ್ನ ನೆನಪುಗಳನ್ನೆಲ್ಲ ಅನುಮಾನದಿಂದಲೇ ನೋಡುತ್ತೇನೆ. ಒಂದನ್ನು ಬಿಟ್ಟು.

ಆ ಒಂದು ಇದು. ನನಗೆ ಏಳೋ ಎಂಟೋ ವರ್ಷ. ಬೇಸಿಗೆ ರಜೆ. ಮಾಮುವಿನ ಜೊತೆ ರಾವಂದೂರಿನ ಆಚೆಯ ಹಳ್ಳಿಗಳಿಗೆ ವ್ಯಾಪಾರಕ್ಕೆ ಹೋಗಿದ್ದೇನೆ. ಅಲ್ಲಿ ನನಗೆ ಜ್ವರ ಏರಿದೆ. ಮಾಮು ಪಾತ್ರೆಯನ್ನೆಲ್ಲ ಯಾರದೋ ಮನೆಯಲ್ಲಿ ಇಳಿಸಿ, ನನ್ನನ್ನು ಸೈಕಲ್ಲಿನ ಮುಂದಿನ ಬಾರಿನ ಮೇಲೆ ಕೂರಿಸಿಕೊಂಡು, ಗುಡ್ಡದ ಇಳಿಜಾರಿನಲ್ಲಿ ಹದ್ದಿನ ಹಾಗೆ ಇಳಿದಿದ್ದಾರೆ. ಗಾಳಿ ನನ್ನ ಹಣೆಗೆ ಹೊಡೆಯುತ್ತಿದೆ. ಒಂದೇ ಸಮ ಅಲ್ಲ, ಬಿಟ್ಟು ಬಿಟ್ಟು. ರಸ್ತೆ ತಿರುವಿನಲ್ಲಿ ಹಾಗೆ ಆಗುತ್ತಿರಬೇಕು. ಆ ತಣ್ಣನೆಯ ಗಾಳಿಯಲ್ಲೇ ಜ್ವರ ಅರ್ಧ ಇಳಿದುಹೋಯಿತು. ಲೋಕದಲ್ಲಿ ನಮ್ಮ ಮಾಮುವಿನಂಥ ಸೈಕಲ್ ಸವಾರ ಇನ್ನೊಬ್ಬನಿಲ್ಲ ಎಂದು ನಾನು ತೀರ್ಮಾನಿಸಿದ್ದು ಅಂದೇ. ಬೇರೆ ಯಾವ ತೀರ್ಮಾನವನ್ನು ಬದಲಿಸಿದರೂ ಇದನ್ನು ಬದಲಿಸಿರಲಿಲ್ಲ.

ಹೀಗಿರುವಾಗ ಕಳೆದ ವರ್ಷ ಮೈಸೂರಿನಿಂದ ಮಾಮುವಿನ ಅಳಿಯನ ಮೌಂಟನ್ ಬೈಕು ಬಂದು ಇಳಿಯಿತು. ಅಳಿಯ ಅದನ್ನು ಬಹಳ ಉತ್ಸಾಹದಿಂದ ಕೊಂಡು, ನಾಲ್ಕು ದಿನ ಓಡಿಸಿ, ಆಮೇಲೆ ಟವೆಲ್ ಒಣಗಿಸಲು ಬಳಸುತ್ತಿದ್ದನಂತೆ. ತೋಳಿನಷ್ಟು ದಪ್ಪದ ಟೈರು, ಎತ್ತರದ ಸೀಟು, ಗೇರುಗಳು. ಮಾಮು ಅದರ ಸುತ್ತ ಮೂರು ಸುತ್ತು ಬಂದರು.

"ಕ್ಯಾರಿಯರ್ ಎಲ್ಲಿ?"

"ಇದಕ್ಕೆ ಕ್ಯಾರಿಯರ್ ಇರೋಲ್ಲ ಮಾಮು."

"ಸ್ಟ್ಯಾಂಡು?"

"ಅದೂ ಇರೋಲ್ಲ."

"ಸ್ಟ್ಯಾಂಡಿಲ್ದೆ ಇದನ್ನ ಎಲ್ಲಿ ನಿಲ್ಸದ್ಲಾ?"

"ಇದು ನಿಲ್ಲಿಸೋಕಲ್ಲ ಮಾಮು, ಓಡಿಸೋಕೆ!"

ಅವರು ನನ್ನನ್ನೊಮ್ಮೆ, ಸೈಕಲ್ಲನ್ನೊಮ್ಮೆ ನೋಡಿದರು. ಬ್ರೇಕನ್ನು ನಾಲ್ಕೈದು ಸಲ ಒತ್ತಿದರು. ಅದು ಮಾತ್ರ ಅವರಿಗೆ ಬಹಳ ಹಿಡಿಸಿತು. ಟೈರುಗಳಿಗೆ ಊದಿದರು. ಆಮೇಲೆ ಮೆಲ್ಲಗೆ ಹೇಳಿದರು, "ರಾವಂದೂರಿನಾಚೆ ಆ ಗುಡ್ಡದ ಇಳಿಜಾರು ಅದೆಯಲ್ಲ, ಅದನ್ನ ಒಂದ್ಸಲ ಕೂತ್ಕಂಡು ಇಳೀಬೇಕು ಕಣ್ಲಾ. ಸಾಯೋದ್ರೊಳ್ಗೆ."

ನನ್ನ ನೆನಪಿನ ಅದೇ ಇಳಿಜಾರು! ಹಳೆಯ ವೀರ ಮತ್ತೆ ರಣರಂಗಕ್ಕೆ ಇಳಿಯುತ್ತಿದ್ದಾನೆ ಎಂದು ನನಗೆ ರೋಮಾಂಚನವಾಯಿತು.

"ಅದಕ್ಕೆ ಮುಂಚೆ ಮೈ ಎಂಗಿರ್ಬೇಕು, ಏನೇನು ಕಸರತ್ತು ಮಾಡ್ಬೇಕು, ಎಲ್ಲ ನಿನ್ನ ಫೋನ್ನಾಗೆ ನೋಡಿ ಬರ್ಕೊಡು. ಒಂದೂ ಬುಡಬ್ಯಾಡ" ಎಂದರು.

ನಾನು ಬರೆದುಕೊಟ್ಟೆ. ಅಲ್ಲಿಂದ ಏಳು ತಿಂಗಳು ನಮ್ಮ ಮುಮಾನಿಗೆ, ಅಂದರೆ ಮಾಮುವಿನ ಹೆಂಡತಿಗೆ, ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ.

ಭಾರ ಹಿಡಿದು ಬಸ್ಕಿ ಹೊಡೆಯಬೇಕು ಎಂದು ಬರೆದಿದ್ದೆ. ಮಾರಾಟವಾಗದೆ ಅಟ್ಟದಲ್ಲಿ ಉಳಿದಿದ್ದ ದೊಡ್ಡ ದಬರಿಯೊಂದು ಕೆಳಗಿಳಿದು ಬಂತು. ಅದರ ತುಂಬ ಮರಳು. ಅದನ್ನು ಎದೆಗವಚಿಕೊಂಡು ಮಾಮು ಹಿತ್ತಲಲ್ಲಿ ಕೂತು ಏಳುವುದನ್ನು ನೋಡಿದವರಿಗೆ ಯಾರೋ ಹೂತಿಟ್ಟ ನಿಧಿ ಸಿಕ್ಕಿ ಅದನ್ನು ಬಿಡಲಾರದೆ ಒದ್ದಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಮಾತ್ರ ಮುಂದಕ್ಕೆ ಬಾಗುವ ಇನ್ನೊಂದು ವ್ಯಾಯಾಮವನ್ನು ತೋರಿಸಿದಾಗ ಅವರು ತಕ್ಷಣ ಗುರುತು ಹಿಡಿದರು.

"ಇದು ನಮಾಜಿನಲ್ಲಿ ಬಗ್ಗೋ ಅಂಗೇ ಅಲ್ವೇನ್ಲಾ? ದಿನಕ್ಕೆ ಐದು ಹೊತ್ತು ಮಾಡ್ತಿವ್ನಿ. ಪಟ್ಟಿಲಿ ಅದನ್ನ ಹೊಡೆದಾಕು."

"ಇದರಲ್ಲಿ ಕೈಯಲ್ಲಿ ಭಾರ ಇರಬೇಕು ಮಾಮು."

"ಅದ್ರಲ್ಲೂ ಭಾರ ಅದೆ. ನಿಂಗೆ ಕಾಣಾಕಿಲ್ಲ, ಅಷ್ಟೆ."

ನಾನು ಹೊಡೆದುಹಾಕಿದೆ.

ಅತಿ ದೊಡ್ಡ ಅನಾಹುತ ನಡೆದದ್ದು ಬೆನ್ನ ಮೇಲೆ ಮಲಗಿ, ಕೈಕಾಲು ನಾಲ್ಕನ್ನೂ ಮೇಲೆತ್ತಿ, ಬಲಗೈ ಎಡಗಾಲು, ಎಡಗೈ ಬಲಗಾಲು ಎಂದು ಒಂದೊಂದು ಜೊತೆಯನ್ನು ನಿಧಾನವಾಗಿ ಇಳಿಸುವ ವ್ಯಾಯಾಮದಿಂದ. ಹೊಟ್ಟೆ ಬೆನ್ನು ಗಟ್ಟಿಯಾಗಲು ಇದು ಒಳ್ಳೆಯದಂತೆ. ಇದಕ್ಕಿದ್ದ ಇಂಗ್ಲಿಷ್ ಹೆಸರನ್ನು ನಾನು "ಸತ್ತ ಜಿರಳೆ" ಎಂದು ಕನ್ನಡಕ್ಕೆ ತಂದಿದ್ದೆ. ಬೆಳಿಗ್ಗೆ ಹಾಲು ಹಾಕಲು ಬಂದ ಪುಟ್ಟಮ್ಮ ಜಗಲಿಯ ಮೇಲೆ ಮಾಮು ಕೈಕಾಲು ಮೇಲೆತ್ತಿಕೊಂಡು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಮಲಗಿದ್ದನ್ನು ನೋಡಿದಳು.

"ಅಯ್ಯೋ ಬನ್ರಪ್ಪೋ, ಸಾಬ್ರಿಗೆ ಏನೋ ಆಗೋಯ್ತು!"

ಬೀದಿಗೆ ಬೀದಿಯೇ ಸೇರಿತು. ಯಾರೋ ಓಡಿ ಬಂದು ಅವರ ಅಂಗೈಗೆ ಕಬ್ಬಿಣದ ಬೀಗದ ಕೈ ಗೊಂಚಲು ತುರುಕಿದರು. ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಮಾಮು ಲೆಕ್ಕ ತಪ್ಪಬಾರದೆಂದು ಕಣ್ಣೇ ಬಿಡಲಿಲ್ಲ. "ಹದಿಮೂರು... ಹದಿನಾಲ್ಕು..." ಎಂದರು.

"ಏನೋ ಲೆಕ್ಕ ಒಪ್ಪಿಸ್ತಾವ್ರೆ ಕಣ್ರೋ!" ಎಂದು ಪುಟ್ಟಮ್ಮ ಅಳಲು ಶುರು ಮಾಡಿದಳು.

ಗಲಾಟೆ ಕೇಳಿ ಮುಮಾನಿ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದರು. ಒಂದು ಕ್ಷಣ ನೋಡಿ, "ಯಾರೂ ಗಾಬರಿಯಾಗ್ಬೇಡಿ. ಅವರಿಗೇನೂ ಆಗಿಲ್ಲ. ಸತ್ತ ಜಿರಳೆ ಆಗಿದ್ದಾರೆ, ಅಷ್ಟೆ" ಎಂದು ಹೇಳಿ ಒಳಗೆ ಹೋದರು. ಬೀಗದ ಕೈಯವರು ತಮ್ಮ ಗೊಂಚಲು ವಾಪಸ್ಸು ಕೇಳಿದರೆ ಮಾಮು ಕೊಡುವ ಹಾಗಿರಲಿಲ್ಲ. ಅಷ್ಟರಲ್ಲಿ ಅದನ್ನು ಒತ್ತಿ ಒತ್ತಿ ಬಿಡುತ್ತಾ ಹಿಡಿತದ ವ್ಯಾಯಾಮ ಶುರುವಾಗಿತ್ತು!

ಸಮತೋಲನಕ್ಕೆ ಒಂಟಿ ಕಾಲಿನಲ್ಲಿ ನಿಲ್ಲಬೇಕು ಎಂದಿದ್ದೆ. ಹಲ್ಲುಜ್ಜುವಾಗ ನಿಂತರು, ಫೋನಿನಲ್ಲಿ ಮಾತಾಡುವಾಗ ನಿಂತರು. ಹುಣಸೂರು ಬಸ್ ನಿಲ್ದಾಣದಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ಕಾಯುತ್ತಾ ಕೊಕ್ಕರೆಯ ಹಾಗೆ ನಿಂತರು. ಬಸ್ಸು ಬಂದರೂ ನಿಮಿಷ ತುಂಬಿರಲಿಲ್ಲವಾದ್ದರಿಂದ ಕಾಲಿಳಿಸಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ನೋಡಿದ. "ಯಜಮಾನ್ರೇ, ಇನ್ನೊಂದು ಕಾಲು ಮನೇಲಿ ಬುಟ್ಟು ಬಂದಿದ್ರೆ ಯೋಳಿ, ನಾವು ಕಾಯಾಕಾಗಕಿಲ್ಲ!" ಮಾಮು ಆ ಬಸ್ಸು ಬಿಟ್ಟು ಮುಂದಿನದರಲ್ಲಿ ಹೋದರು. ಮುಂದಿನದಕ್ಕೆ ಇನ್ನೊಂದು ಕಾಲಿನ ಸರದಿ.

ಎರಡು ಕೈಯಲ್ಲಿ ಭಾರ ಹಿಡಿದು ನಡೆಯುವುದರಲ್ಲಂತೂ ಅವರಿಗೆ ನೂರಕ್ಕೆ ನೂರು. "ನಲವತ್ತು ಹೆಜ್ಜೆ ನಡೆದರೆ ಸಾಕು" ಎಂದು ಬರೆದಿದ್ದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. "ನಲವತ್ತಾ? ಈ ಪಟ್ಟಿ ಬರ್ದೋನು ಯಾವತ್ತಾದ್ರೂ ರಾಗಿ ಅಂಬಲಿ ಕುಡ್ದವ್ನಾ ಕೇಳು." ಎರಡು ಕೊಡ ನೀರು ಹಿಡಿದು ಲಕ್ಷ್ಮಣತೀರ್ಥದ ಸೇತುವೆವರೆಗೂ ಹೋಗಿ, ಕೊಡ ಕೆಳಗಿಡದೆ ವಾಪಸ್ಸು ಬಂದರು. ಕುಡಿಯುವ ನೀರನ್ನು ಊರು ಸುತ್ತಿಸಿಕೊಂಡು ಬಂದದ್ದಕ್ಕೆ ಮುಮಾನಿ ಉರ್ದುವಿನಲ್ಲಿ ಬೈದದ್ದನ್ನು ನಾನಿಲ್ಲಿ ಕನ್ನಡಕ್ಕೆ ತರುವುದಿಲ್ಲ.

ಒಂದು ಮಾತ್ರ ಅವರಿಗೆ ಬಗ್ಗಲಿಲ್ಲ. ಕೂತು, ಸೊಂಟದ ಮೇಲಿನ ಮೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ವ್ಯಾಯಾಮ. ಬಲಕ್ಕೆ ತಿರುಗಿ ಎಂದರೆ ಗೂಬೆಯ ಹಾಗೆ ಸರಾಗವಾಗಿ ತಿರುಗಿಬಿಡುತ್ತಿದ್ದರು. ಎಡಕ್ಕೆ ಎಂದರೆ ತುಕ್ಕು ಹಿಡಿದ ಬಾಗಿಲು! ಬಲಗೈಯೋ, ಯಾವಾಗಲೂ ಪಕ್ಕದಲ್ಲಿ ಏನನ್ನೋ ತಬ್ಬಿ ಹಿಡಿದ ಹಾಗೆ ಒಂದಿಷ್ಟು ಎತ್ತಿಕೊಂಡೇ ಇರುತ್ತಿತ್ತು. ಸೈಕಲ್ ಓಡಿಸಿದವನ ಮೈ ಎರಡೂ ಕಡೆ ಒಂದೇ ಸಮ ಇರಬೇಕಲ್ಲ, ಇದೇನು ಹೀಗೆ ಎಂದು ನಾನು ತಲೆ ಕೆರೆದುಕೊಂಡೆ. ಉತ್ತರ ಕಣ್ಣೆದುರಿಗೇ ಕೂತು ಬಲಕ್ಕೆ ತಿರುಗುತ್ತಿತ್ತು. ತರ್ಕಶಾಸ್ತ್ರ ಓದಿದವನಿಗೆ ಕಾಣಲಿಲ್ಲ.

ತಿಂಗಳುಗಳು ಕಳೆದವು. ಪ್ರತಿ ಭಾನುವಾರವೂ ಸವಾರಿಗೆ ನಿಗದಿಯಾಗುತ್ತಿತ್ತು, ಪ್ರತಿ ಶನಿವಾರವೂ ಮುಂದಕ್ಕೆ ಹೋಗುತ್ತಿತ್ತು. "ಸೊಂಟ ಇನ್ನೂ ಬಂದಿಲ್ಲ ಕಣ್ಲಾ" ಎಂದರು. ಸೊಂಟ ಬಂತು. "ಹಿಮ್ಮಡಿ ನೆಲ ಬುಡದೆ ಮೊಣಕಾಲು ಗೋಡೆಗೆ ತಾಗ್ಬೇಕಲ್ಲ, ಆ ಪರೀಕ್ಷೇಲಿ ಹಿಮ್ಮಡಿ ಪಾಸಾಗಿಲ್ಲ" ಎಂದರು. ಹಿಮ್ಮಡಿಯೂ ಪಾಸಾಯಿತು. "ಎಡಕ್ಕೆ ತಿರುಗ್ದೆ ಎಂಗ್ಲಾ ಓಡ್ಸದು?" ಎಂದರು. ಇಳಿಜಾರಿನ ಹೆಸರೆತ್ತಿದರೆ ಕಣ್ಣು ಹೊಳೆಯುತ್ತಿತ್ತು, ಸೈಕಲ್ಲಿನ ಹತ್ತಿರ ಹೋದರೆ ಕಾಲು ಹಿಂದೆ ಸರಿಯುತ್ತಿತ್ತು.

"ಏಳು ತಿಂಗಳಿಂದ ಮದುವೆ ಗಂಡಿನ ಹಾಗೆ ಮೈಗೆ ಎಣ್ಣೆ ತಿಕ್ಕುತ್ತಾ ಇದ್ದಾರೆ. ನಿಕಾಹ್ ಮಾತ್ರ ಆಗ್ತಾ ಇಲ್ಲ" ಎಂದರು ಮುಮಾನಿ.

ಕೊನೆಗೊಂದು ಭಾನುವಾರ ಬೆಳಿಗ್ಗೆ ಲಗೇಜ್ ಆಟೋ ಕರೆಸಿದೆ. ಸೈಕಲ್ಲನ್ನೂ ಮಾಮುವನ್ನೂ ಒಟ್ಟಿಗೇ ಹೇರಿದೆ. ರಾವಂದೂರು ದಾಟಿ, ಗುಡ್ಡದ ಮೇಲಕ್ಕೆ ಹೋಗಿ ಇಳಿದೆವು. ಆಟೋದವನಿಗೆ ಕೆಳಗೆ ಟಾರು ರಸ್ತೆಯಲ್ಲಿ ಕಾಯಲು ಹೇಳಿದೆ. ಎರಡೂ ಕಡೆ ಹೊಗೆಸೊಪ್ಪಿನ ಹೊಲ, ನಡುವೆ ಕೆಂಪು ಮಣ್ಣಿನ ದಾರಿ ಕೆಳಗೆ ಇಳಿದುಹೋಗಿತ್ತು. ನನ್ನ ನೆನಪಿನಲ್ಲಿ ಅದು ಪರ್ವತ. ಈಗ ನೋಡಿದರೆ ದೊಡ್ಡದೊಂದು ದಿಣ್ಣೆ. ನೆನಪಿನ ಯೋಗ್ಯತೆಯೇ ಇಷ್ಟು ಅಂದುಕೊಂಡೆ.

ಮಾಮು ಬ್ರೇಕು ಒತ್ತಿ ನೋಡಿದರು. ಟೈರಿಗೆ ಊದಿದರು. ಇಪ್ಪತ್ತು ಬಸ್ಕಿ ಹೊಡೆದರು. ಒಂಟಿ ಕಾಲಲ್ಲಿ ನಿಂತರು. ಇನ್ನೇನು ಸತ್ತ ಜಿರಳೆಗೆ ಜಾಗ ಹುಡುಕುತ್ತಾರೆ ಎನ್ನುವಾಗ ನಾನು ರೇಗಿದೆ.

"ಸಾಕು ಮಾಮು! ಕೂತ್ಕೊಳ್ಳಿ!"

ಅವರು ಸೈಕಲ್ಲಿನ ಎಡಗಡೆ ನಿಂತಿದ್ದರು. ಎಡಗೈ ಹ್ಯಾಂಡಲ್ಲಿನ ಮೇಲೆ, ಬಲಗೈ ಸೀಟಿನ ಮೇಲೆ. ಮೈ ತಾನಾಗಿಯೇ ಬಲಕ್ಕೆ ತಿರುಗಿತ್ತು.

"ನಂಗೆ ಸೈಕಲ್ ಬರಾಕಿಲ್ಲ ಕಣ್ಲಾ" ಎಂದರು.

ನಾನು ನಕ್ಕೆ. ಅವರು ನಗಲಿಲ್ಲ.

"ಮೂವತ್ತು ವರ್ಷ..." ಎಂದೆ.

"ಮೂವತ್ತು ವರ್ಷ ತಳ್ಳಿವ್ನಿ. ಕೂತಿದ್ದು ಯಾವತ್ತು ನೋಡಿದ್ದೀಯ? ಇಪ್ಪತ್ತು ಕೊಡ, ಎಂಟು ಬಕೀಟು ಹೇರಿರೋ ಸೈಕಲ್ ಮ್ಯಾಲೆ ಯಾವನ್ಲಾ ಕೂರ್ತಾನೆ? ಓಗ್ತಾನೂ ತಳ್ಳದು, ಬತ್ತಾನೂ ತಳ್ಳದು. ಸೈಕಲ್ ಇಟ್ಕಂಡೋನ್ಗೆ ಸೈಕಲ್ ಬತ್ತದೆ ಅಂತ ಊರೆಲ್ಲ ಅಂದ್ಕಂತು. ಯಾರೂ ಕೇಳ್ನಿಲ್ಲ. ನಾನೂ ಯೋಳ್ನಿಲ್ಲ. ನಿಮ್ಮ ಮುಮಾನಿಗೂ ಗೊತ್ತಿಲ್ಲ."

"ಸುಳ್ಳು!" ಎಂದೆ. ನನ್ನ ದನಿ ಯಾಕೋ ಏಳು ವರ್ಷದವನ ದನಿಯಾಗಿತ್ತು. "ಇದೇ ಇಳಿಜಾರಲ್ಲಿ ನನ್ನನ್ನ ಮುಂದೆ ಕೂರಿಸ್ಕೊಂಡು ಇಳಿದಿದ್ರಿ. ಜ್ವರ ಬಂದಾಗ. ನನಗೆ ನೆನಪಿದೆ."

"ಮುಂದೆ ಅಲ್ಲ, ಸೀಟ್ ಮ್ಯಾಲೆ. ಕೊಡ ಕಟ್ಟೋ ಅಗ್ಗದಲ್ಲಿ ನಿನ್ನ ನನ್ನ ಮೈಗೇ ಸೇರ್ಸಿ ಕಟ್ಟಿದ್ದೆ. ಮಧ್ಯಾನ್ನದ ಬಸ್ಸು ಬರ್ನಿಲ್ಲ. ನಿನ್ನ ಮೈ ಕೆಂಡ. ಈ ಜಾಗಕ್ಕೆ ಬರೋಗಂಟ ಏನೋ ಮಾತಾಡ್ತಿದ್ದೆ. ಇಲ್ಲಿಗೆ ಬಂದ್ಮೇಲೆ ಸುಮ್ಕಾಗ್ಬುಟ್ಟೆ." ಅವರು ಕೆಳಗೆ ಕೈ ತೋರಿಸಿದರು. "ಅಲ್ಲಿ ಟಾರು ರಸ್ತೆ ಕಾಣ್ತಾ ಇತ್ತು. ಅಲ್ಲಿಗೋದ್ರೆ ಪಿರಿಯಾಪಟ್ಟಣಕ್ಕೆ ಯಾವ್ದಾದ್ರೂ ಗಾಡಿ ಸಿಗೋದು. ಸೈಕಲ್ ಬರೋನಾಗಿದ್ರೆ ಸುಯ್ ಅಂತ ಇಳ್ದ್‌ಬುಡ್ತಿದ್ದ. ನಾನು ಎಡಗೈಲಿ ಬ್ರೇಕ್ ಹಿಡ್ಕಂಡು, ಬಲಗೈಲಿ ನಿನ್ನ ಹಿಡ್ಕಂಡು, ಒಂದೊಂದೇ ಹೆಜ್ಜೆ. ಜಾರಿದ್ರೆ ಮಗ ಬೀಳ್ತಾನೆ, ನಿಧಾನ ಆದ್ರೆ... ಸೈಕಲ್ ಕೈಲೇ ಇಟ್ಕಂಡು ನಡ್ದೆ ಕಣ್ಲಾ. ಇವತ್ತಿಗೂ ಈ ದಾರಿ ಕನಸಿನಾಗೆ ಬತ್ತದೆ. ಮುಗಿಯಾಕೇ ಇಲ್ಲ."

ನಾನು ಆ ದಾರಿಯನ್ನು ಟಾರು ರಸ್ತೆಯವರೆಗೆ ಇನ್ನೊಮ್ಮೆ ನೋಡಿದೆ. ಆದರೂ ಸಂಶಯದ ಬುದ್ಧಿ ಬಿಡುತ್ತದೆಯೇ?

"ಮತ್ತೆ ಗಾಳಿ? ಹಣೆಗೆ ಗಾಳಿ ಹೊಡೀತಿತ್ತಲ್ಲ ಮಾಮು. ಅದಂತೂ ನಿಜ."

"ಯಾವ ಗಾಳಿ? ಅವತ್ತು ಒಂದೆಲೆ ಅಳ್ಳಾಡ್ತಿರ್ಲಿಲ್ಲ." ಅವರು ಯೋಚಿಸಿದರು. ಆಮೇಲೆ, ತಪ್ಪು ಒಪ್ಪಿಕೊಳ್ಳುವವರ ಹಾಗೆ, "ನಾನು ಊದ್ತಿದ್ದೆ" ಎಂದರು. "ಓದದು, ಊದದು. ಓದದು, ಊದದು. ಕೆಳೀಕೆ ಓಗೋಗಂಟ. ಅದ್ಬುಟ್ರೆ ನಂಗೆ ಇನ್ನೇನು ಬತ್ತಿತ್ತು?"

ಬಿಟ್ಟು ಬಿಟ್ಟು ಬರುತ್ತಿದ್ದ ಗಾಳಿ.

ಆಮೇಲೆ ಸೈಕಲ್ಲನ್ನು ತಳ್ಳಿಕೊಂಡು ಕೊನೆಯ ತಿರುವಿನವರೆಗೆ ಇಳಿದೆವು. ಅಲ್ಲಿಂದ ಟಾರು ರಸ್ತೆಯವರೆಗೆ ದಾರಿ ನೇರ, ಇಳಿತವೂ ಮೆಲ್ಲಗಿನದು. ಸೀಟನ್ನು ತಗ್ಗಿಸಿದೆ. ಎರಡೂ ಕಾಲು ನೆಲಕ್ಕೆ ತಾಗುವಂತೆ ಮಾಮುವನ್ನು ಕೂರಿಸಿದೆ. ಪೆಡಲ್ಲಿನ ಯೋಚನೆ ಬೇಡ, ಬ್ರೇಕು ಎರಡೂ ಕೈಯಲ್ಲಿರಲಿ ಎಂದೆ. ಅವರು ತಲೆ ಆಡಿಸಿದರು. ಏಳು ತಿಂಗಳು ಕಸರತ್ತು ಮಾಡಿದ ಆ ಕಾಲುಗಳು ನೆಲ ಬಿಡಲು ಒಪ್ಪುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ನಾನು ಎಡಗಡೆ ನಿಂತು, ಬಲಗೈಯಿಂದ ಸೀಟು ಹಿಡಿದುಕೊಂಡೆ.

ಸೈಕಲ್ಲು ಉರುಳಿತು. ನಾನು ಪಕ್ಕದಲ್ಲಿ ಓಡಿದೆ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ನಲವತ್ತಕ್ಕೆ ನನ್ನ ಪಕ್ಕೆ ಹಿಡಿಯಿತು. ಪಟ್ಟಿಯನ್ನೆಲ್ಲ ಬರೆದುಕೊಟ್ಟ ಪಂಡಿತ ಅದರಲ್ಲಿ ಒಂದನ್ನಾದರೂ ಮಾಡಿದ್ದರೆ ತಾನೆ! ಕೈ ನಾನು ಬಿಟ್ಟದ್ದಲ್ಲ, ಜಾರಿಹೋಯಿತು. ಮಾಮು ಬೀಳಲಿಲ್ಲ. ಎರಡೂ ಕಾಲನ್ನು ಕೊಕ್ಕರೆ ಹಾರುವಾಗ ಇಳಿಬಿಟ್ಟ ಹಾಗೆ ಇಳಿಬಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ಟಾರು ರಸ್ತೆಯ ಕಡೆಗೆ ಕೂತೇ ಇಳಿಯುತ್ತಿದ್ದರು.

"ಲೇ ಪಂಡಿತಾ! ಇದನ್ನ ಎಲ್ಲಿ ನಿಲ್ಸದ್ಲಾ!"

ನಾನು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದೆ. ಪ್ರಾರ್ಥನೆ ಓದಿಕೊಳ್ಳೋಣವೆಂದರೆ ಚಿಕ್ಕಂದಿನಲ್ಲಿ ಕಲಿತದ್ದು ಒಂದೂ ಪೂರ್ತಿಯಾಗಿ ನೆನಪಾಗಲಿಲ್ಲ. ಊದೋಣವೆಂದರೆ ಎದೆಯಲ್ಲಿ ಉಸಿರೇ ಇರಲಿಲ್ಲ. ಆದರೂ ತಲೆಯೆತ್ತಿ, ದೂರವಾಗುತ್ತಿದ್ದ ಆ ಬೆನ್ನಿನ ಕಡೆಗೆ, ಬಿಟ್ಟು ಬಿಟ್ಟು ಊದಿದೆ.